ನೆಲಕ್ಕೂ ಕೊಳವೆಗೂ ಕಟ್ಟುವ ಹಕ್ಕಳೆ

(ನೀರಾವರಿ ಹಿಡುವಳಿದಾರರ ಸಭೆಯಲ್ಲಿ ವ್ಯವಸಾಯದ ಇಲಾಖೆಯ ಇನ್‌ಸ್ಪೆಕ್ಟರೊಬ್ಬರು ಮಾಡಿದ ಉಪನ್ಯಾಸ)



ಸ್ನಾನದ ಹಂಡೆಯ ಒಳಮೈಗೆ ಬೆಳ್ಳನೆಯ ಪೊರೆ ಕಟ್ಟುವುದನ್ನು ತಾವೆಲ್ಲರೂ ಬಲ್ಲಿರಿ. ಕೊಳವೆಬಾವಿಯ ನೀರು ಬೀಳುವ ತೊಟ್ಟಿಯ ಅಂಚಿನಲ್ಲಿಯೂ, ಹನಿ ನೀರಾವರಿಯ ಡ್ರಿಪ್ಪರುಗಳ ಬಾಯಲ್ಲಿಯೂ ಅಂಥದೇ ಬಿಳುಪು ಕಾಣುತ್ತದೆ. ನಾಲೆಯ ಕೆಳಗಿನ ತಗ್ಗು ಗದ್ದೆಗಳಲ್ಲಿ ಬೇಸಿಗೆ ಬಂದೊಡನೆ ಹಿಟ್ಟು ಚೆಲ್ಲಿದಂತೆ ನೆಲವೇ ಬೆಳ್ಳಗಾಗುತ್ತದೆ. ಇವುಗಳನ್ನು ನಾವು ಬೇರೆ ಬೇರೆ ತೊಂದರೆಗಳೆಂದು ಎಣಿಸುವುದು ವಾಡಿಕೆ. ಹಂಡೆಯದನ್ನು ಮನೆಯ ಹೆಂಗಸರಿಗೂ, ಕೊಳವೆಯದನ್ನು ಮೆಕಾನಿಕ್ಕಿಗೂ, ಗದ್ದೆಯದನ್ನು ದೈವಕ್ಕೂ ಬಿಟ್ಟು ಸುಮ್ಮನಾಗುತ್ತೇವೆ. ವಾಸ್ತವವಾಗಿ ಈ ಮೂರಕ್ಕೂ ಮೂಲ ಒಂದೇ. ನೀರು ಹೋಗುತ್ತದೆ, ನೀರು ತಂದದ್ದು ಉಳಿಯುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಣವನ್ನೂ ನೆಲವನ್ನೂ ಉಳಿಸಿಕೊಳ್ಳುವ ದಾರಿ ಕಾಣುವುದೆಂದು ತಮ್ಮಲ್ಲಿ ಅರಿಕೆ ಮಾಡುವುದೇ ಈ ಉಪನ್ಯಾಸದ ಉದ್ದೇಶ.

1. ಹಕ್ಕಳೆ ಹುಟ್ಟುವ ಬಗೆ

ಮಳೆಯ ನೀರು ಮುಗಿಲಿನಿಂದ ಬೀಳುವಾಗ ಬಹುಮಟ್ಟಿಗೆ ಶುದ್ಧವಾಗಿರುತ್ತದೆ. ಅದು ನೆಲದೊಳಕ್ಕೆ ಇಳಿದಾಗ, ಬೇರುಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲಾಮ್ಲ ವಾಯು ಅದರಲ್ಲಿ ಬೆರೆತು, ನೀರಿಗೆ ಅತಿ ಸೌಮ್ಯವಾದ ಹುಳಿಯ ಗುಣ ಬರುತ್ತದೆ. ಈ ನೀರು ಬಂಡೆಯ ಸಂದುಗಳಲ್ಲಿಯೂ ಸುಣ್ಣಕಲ್ಲಿನ ಹರಳುಗಳ ನಡುವೆಯೂ ವರ್ಷಾಂತರಗಳ ಕಾಲ ನಿಂತು ಹರಿಯುತ್ತ, ಸುಣ್ಣ, ಮೆಗ್ನೀಸಿಯಂ, ಸೋಡಿಯಂ, ಕಬ್ಬಿಣ ಮುಂತಾದುವುಗಳ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಆದಕಾರಣ ಆಳದ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಕೆರೆಯ ನೀರಿಗಿಂತ ಗಡಸಾಗಿರುತ್ತದೆ. ಕಣ್ಣಿಗೆ ತಿಳಿಯಾಗಿರುವುದು ಒಳ್ಳೆಯ ನೀರಿನ ಗುರುತಲ್ಲ. ಕರಗಿದ ಉಪ್ಪು ಕಣ್ಣಿಗೆ ಕಾಣುವುದಿಲ್ಲ.

ಕರಗಿದ್ದು ಮರಳಿ ಹೊರಬೀಳುವುದು ಎರಡು ಬಗೆಯಲ್ಲಿ. ಮೊದಲನೆಯದು, ನೀರು ಆವಿಯಾಗಿ ಹೋದಾಗ. ಆವಿಯು ಉಪ್ಪನ್ನು ಹೊತ್ತುಕೊಂಡು ಹೋಗಲಾರದಷ್ಟೆ. ಅದು ಇದ್ದಲ್ಲಿಯೇ ಉಳಿಯುತ್ತದೆ. ಎರಡನೆಯದು, ನೀರಿನಲ್ಲಿ ಬೆರೆತಿದ್ದ ಇಂಗಾಲಾಮ್ಲ ವಾಯು ಹೊರಟುಹೋದಾಗ. ಸುಣ್ಣವು ಈ ವಾಯುವಿನ ಬಲದಿಂದಲೇ ನೀರಿನಲ್ಲಿ ಕರಗಿ ನಿಂತಿರುತ್ತದೆ. ನೀರನ್ನು ಕಾಯಿಸಿದರೆ ವಾಯು ಹೋಗುತ್ತದೆ. ನೆಲದಾಳದ ಒತ್ತಡದಿಂದ ನೀರು ಮೇಲಕ್ಕೆ ಬಂದು ಗಾಳಿಗೆ ತೆರೆದುಕೊಂಡರೂ ಹೋಗುತ್ತದೆ. ಒಡನೆಯೇ ಸುಣ್ಣವು ಕಲ್ಲಾಗಿ ಹತ್ತಿರದ ಮೈಗೆ ಅಂಟುತ್ತದೆ. ಸಕ್ಕರೆಯು ಬಿಸಿನೀರಿನಲ್ಲಿ ಹೆಚ್ಚು ಕರಗುವುದಾದರೆ, ಈ ಸುಣ್ಣವು ಕಾಯಿಸಿದಷ್ಟೂ ಹೆಚ್ಚಾಗಿ ಹೊರಬೀಳುತ್ತದೆ. ಹಂಡೆಯಲ್ಲಿ ಬೆಂಕಿ ತಗಲುವ ತಳದಲ್ಲಿಯೇ ಪೊರೆ ದಪ್ಪವಾಗಿರುವುದಕ್ಕೆ ಇದೇ ಕಾರಣ.

ಇನ್ನೊಂದು ಸಂಗತಿಯನ್ನೂ ಗಮನಿಸತಕ್ಕದ್ದು. ನುಣುಪಾದ ಮೈಯ ಮೇಲೆ ಮೊದಲ ಹರಳು ಕೂರುವುದು ಕಷ್ಟ. ಒಂದು ಹರಳು ಕೂತ ಮೇಲೆ ಅದರ ಮೈಯ ಮೇಲೆಯೇ ಮುಂದಿನ ಹರಳುಗಳು ಬೇಗಬೇಗನೆ ಬೆಳೆಯುತ್ತವೆ. ಎಂದರೆ ಹಳೆಯ ಹಕ್ಕಳೆಯೇ ಹೊಸ ಹಕ್ಕಳೆಗೆ ಹೆಪ್ಪು. ತೆಳ್ಳಗಿರುವಾಗಲೇ ತೆಗೆದವನಿಗೆ ಖರ್ಚು ಕಡಿಮೆ.

ಈಗ ಒಂದು ಸಣ್ಣ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ಹಾಯಿಸಿದರೆ ಅದು ಸುಮಾರು 1,03,000 ಲೀಟರು ಆಗುತ್ತದೆ. ಲೀಟರಿಗೆ ಒಂದು ಗ್ರಾಂ ಉಪ್ಪಿರುವ ನೀರಾದರೆ, ಆ ಒಂದು ಅಂಗುಲದೊಡನೆ ಹೊಲಕ್ಕೆ ಬರುವ ಉಪ್ಪು ಸುಮಾರು 103 ಕಿಲೋಗ್ರಾಂ, ಎಂದರೆ 50 ಕಿಲೋಗ್ರಾಮಿನ ಎರಡು ಮೂಟೆ. ಒಂದು ಬೆಳೆಗೆ 20 ಅಂಗುಲ ನೀರು ಕೊಟ್ಟರೆ ಎಕರೆಗೆ 40 ಮೂಟೆ ಉಪ್ಪನ್ನು ಚೆಲ್ಲಿದಂತಾಯಿತು. ಎರಡು ಮೂಟೆ ಗೊಬ್ಬರವನ್ನು ಕೊಳ್ಳುವಾಗ ನಾವು ಬೆಲೆಯನ್ನು ಕೇಳುತ್ತೇವೆ, ತೂಕವನ್ನು ನೋಡುತ್ತೇವೆ. ಈ ನಲವತ್ತು ಮೂಟೆಯಾದರೋ ಯಾರ ಲೆಕ್ಕಕ್ಕೂ ಬಾರದೆ ಹೊಲಕ್ಕೆ ಇಳಿಯುತ್ತದೆ. ಒಳ್ಳೆಯ ಮಳೆಯೂ ಒಳ್ಳೆಯ ಬಸಿತವೂ ಇರುವ ನೆಲದಲ್ಲಿ ಇದರ ಬಹುಭಾಗ ತೊಳೆದುಹೋಗುತ್ತದೆ. ಇಲ್ಲದ ಕಡೆ ವರ್ಷದಿಂದ ವರ್ಷಕ್ಕೆ ಬಾಕಿ ಏರುತ್ತ ಹೋಗುತ್ತದೆ.

2. ಹಕ್ಕಳೆಯ ಜಾತಿಯನ್ನು ತಿಳಿಯುವುದು

ಎಲ್ಲಾ ಬಿಳುಪೂ ಸುಣ್ಣವಲ್ಲ, ಎಲ್ಲಾ ಬಿಳುಪೂ ಉಪ್ಪಲ್ಲ. ಜಾತಿಯನ್ನು ತಿಳಿಯದೆ ಮದ್ದು ಮಾಡಿದರೆ ಹಣ ವ್ಯರ್ಥ. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ಸ್ವಲ್ಪ ಹಕ್ಕಳೆಯನ್ನು ಕೆರೆದು, ಗಾಜಿನ ಲೋಟದಲ್ಲಿ ಹಾಕಿ, ಅದರ ಮೇಲೆ ಶುದ್ಧವಾದ ಮಳೆಯ ನೀರನ್ನೋ ಬ್ಯಾಟರಿಗೆ ಹಾಕುವ ನೀರನ್ನೋ ಸುರಿದು ಕದಡಬೇಕು.

(ಅ) ಪೂರ್ತಿಯಾಗಿ ಕರಗಿಹೋದರೆ ಅದು ನೀರಿನಲ್ಲಿ ಕರಗುವ ಉಪ್ಪು. ಇದಕ್ಕೆ ನೀರೇ ಮದ್ದು.

(ಆ) ಕರಗದೆ ತಳದಲ್ಲಿ ಉಳಿದು, ಮೇಲಿನ ನೀರನ್ನು ಬಸಿದು ನಿಂಬೆಯ ರಸವನ್ನು ಹಿಂಡಿದಾಗ ನೊರೆಯಂತೆ ಗುಳ್ಳೆ ಎದ್ದರೆ ಅದು ಸುಣ್ಣ. ಇದಕ್ಕೆ ಹುಳಿಯೇ ಮದ್ದು.

(ಇ) ಬಣ್ಣ ಕೆಂಪು ಅಥವಾ ಕಂದಾಗಿದ್ದು, ಬೆರಳಿಗೆ ಲೋಳೆಯಂತೆ ಹತ್ತಿದರೆ ಅದು ಕಬ್ಬಿಣ. ಇದಕ್ಕೆ ಗಾಳಿ ಆಡಿಸಿ ತಿಳಿಯಾಗಿಸುವುದೇ ಮೊದಲ ಮದ್ದು.

(ಈ) ನೀರಿಗೂ ಕರಗದೆ, ನಿಂಬೆಯ ರಸಕ್ಕೂ ನೊರೆ ಕೊಡದೆ ಗಟ್ಟಿಯಾಗಿ ಉಳಿದರೆ ಅದು ಜಿಪ್ಸಂ, ಸಿಲಿಕ, ಅಥವಾ ರಸಗೊಬ್ಬರದ ರಂಜಕವು ಸುಣ್ಣದೊಡನೆ ಸೇರಿ ಆದ ಗಸಿ ಇರಬಹುದು. ಇದನ್ನು ಪ್ರಯೋಗಾಲಯಕ್ಕೆ ಕಳುಹಿಸುವುದೇ ಲೇಸು.

3. ಹಂಡೆ, ಕೊಪ್ಪರಿಗೆ, ಸಿಂಪಡಿಸುವ ಪಂಪು

ಹಂಡೆಯನ್ನು ಹುಣಿಸೆಹಣ್ಣಿನಿಂದ ಉಜ್ಜುವ ನಮ್ಮ ಹೆಂಗಸರ ಪದ್ಧತಿ ಶಾಸ್ತ್ರಸಮ್ಮತವಾದದ್ದು. ಹುಣಿಸೆಯ ಹುಳಿ ಸುಣ್ಣವನ್ನು ಕರಗಿಸುತ್ತದೆ. ಸುಣ್ಣದ ಪೊರೆಯು ಲೋಹಕ್ಕಿಂತ ಬಹಳ ನಿಧಾನವಾಗಿ ಶಾಖವನ್ನು ಸಾಗಿಸುವುದರಿಂದ, ಪೊರೆ ಕಟ್ಟಿದ ಹಂಡೆಗೆ ಸೌದೆ ಹೆಚ್ಚು ಬೇಕಾಗುತ್ತದೆ. ವಿದ್ಯುತ್ತಿನ ಗೀಸರಿನಲ್ಲಿ ಕರೆಂಟು ಹೆಚ್ಚು ಖರ್ಚಾಗಿ, ಕಾಯುವ ಸುರುಳಿ ಬೇಗನೆ ಸುಟ್ಟುಹೋಗುತ್ತದೆ. ಆಲೆಮನೆಯ ಕೊಪ್ಪರಿಗೆಗೂ ಇದೇ ಮಾತು ಸಲ್ಲುತ್ತದೆ. ಕಬ್ಬಿನ ಹಾಲನ್ನು ತಿಳಿಮಾಡಲು ಸುಣ್ಣವನ್ನು ಹಾಕುವುದುಂಟು. ಅದು ಅಳತೆ ಮೀರಿದರೆ ಬೆಲ್ಲದ ಬಣ್ಣವೂ ಕೆಡುತ್ತದೆ, ತಳಕ್ಕೆ ಹಕ್ಕಳೆಯೂ ಕಟ್ಟುತ್ತದೆ. ಇಂಥ ಪೊರೆಯನ್ನು ಸುತ್ತಿಗೆಯಿಂದ ಬಡಿದು ಬಿಡಿಸಬಾರದು. ತಳ ನಜ್ಜಾದ ಕಡೆಯಲ್ಲಿಯೇ ಮುಂದಿನ ಪೊರೆ ಮೊದಲು ಹಿಡಿಯುತ್ತದೆ.

ಅಡಕೆಯ ತೋಟದವರಿಗೆ ಒಂದು ಮಾತು. ಮೈಸೂರು ಸಂಸ್ಥಾನದ ವ್ಯವಸಾಯದ ಇಲಾಖೆಯಲ್ಲಿ ಡೈರೆಕ್ಟರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಆರಂಭದಲ್ಲಿ ಅಡಕೆಯ ಕೊಳೆರೋಗವನ್ನು ಪರಿಶೋಧಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಮಲೆನಾಡಿನಲ್ಲಿ ಈಗಲೂ 100 ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣದ ಪ್ರಮಾಣದಲ್ಲಿ ಅದನ್ನು ಹೊಡೆಯುತ್ತಾರೆ. ಆ ನೀಲಿ ದ್ರಾವಣವು ನೀರಿನಲ್ಲಿ ತೇಲುವ ಸಣ್ಣ ಕಣಗಳೇ ಹೊರತು ಕರಗಿದ ಪದಾರ್ಥವಲ್ಲ. ರಾತ್ರಿ ಪಂಪಿನಲ್ಲಿಯೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮೂತಿಯ ರಂಧ್ರದಲ್ಲಿ ಒಣಗಿ ಗಟ್ಟಿಯಾಗುತ್ತದೆ. ಕೆಲಸ ಮುಗಿದ ಸಂಜೆಯೇ ಶುದ್ಧ ನೀರನ್ನು ಹಾಯಿಸಿ ತೊಳೆದಿಟ್ಟರೆ ಆ ತೊಂದರೆಯಿಲ್ಲ. ಕಟ್ಟಿಕೊಂಡದ್ದಾದರೆ ಮೂತಿಯನ್ನು ಬಿಚ್ಚಿ ವಿನಿಗರ್ ಬೆರಸಿದ ನೀರಿನಲ್ಲಿ ನೆನೆಹಾಕಬೇಕು. ತಂತಿ ತೂರಿಸಿ ರಂಧ್ರವನ್ನು ಹಿಗ್ಗಿಸಬಾರದು.

4. ಹನಿ ನೀರಾವರಿಯ ಕೊಳವೆಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಂತಹ ಕೊಳವೆಬಾವಿಯ ಸೀಮೆಗಳಲ್ಲಿ ಹನಿ ನೀರಾವರಿಯಿಂದ ದೊಡ್ಡ ಉಪಕಾರವಾಗಿದೆ. ಆದರೆ ಡ್ರಿಪ್ಪರಿನೊಳಗಿನ ದಾರಿ ಸುಮಾರು ಒಂದು ಮಿಲಿಮೀಟರಿನಷ್ಟು, ಹಲವಲ್ಲಿ ಅದಕ್ಕಿಂತಲೂ ಕಿರಿದು. ಹಂಡೆಯಲ್ಲಿ ವರ್ಷಗಟ್ಟಲೆ ಸಹಿಸಬಹುದಾದ ಪೊರೆಯು ಇಲ್ಲಿ ಕೆಲವೇ ತಿಂಗಳಲ್ಲಿ ದಾರಿಯನ್ನು ಮುಚ್ಚುತ್ತದೆ. ಮೊದಲು ಹನಿಗಳು ಸಮವಾಗಿ ಬೀಳುವುದಿಲ್ಲ. ಸಾಲಿನ ತುದಿಯ ಗಿಡಗಳು ಬಾಡುತ್ತವೆ. ರೈತನು ಕೊಳವೆಯೇ ಕೆಟ್ಟದ್ದೆಂದು ತಿಳಿದು, ಸಾಲ ಮಾಡಿ ಹೊಸ ಕೊಳವೆಗಳನ್ನು ಹಾಕಿಸುತ್ತಾನೆ. ನೀರು ಹಳೆಯದೇ ಆದ್ದರಿಂದ ಹೊಸ ಕೊಳವೆಗೂ ಅದೇ ಗತಿ. ಬಾವಿಯ ನೀರನ್ನು ಮೊದಲೇ ಪರೀಕ್ಷೆ ಮಾಡಿಸಿದ್ದರೆ ಆ ಎರಡನೆಯ ಸಾಲ ತಪ್ಪುತ್ತಿತ್ತು.

ನೀರಿನ ಪಿ.ಎಚ್. 7ಕ್ಕಿಂತ ಕಡಿಮೆಯಿದ್ದರೆ ಸುಣ್ಣ ಕಟ್ಟುವ ಭಯ ಅಲ್ಪ. 7ರಿಂದ 8ರ ನಡುವೆ ಮಧ್ಯಮ. 8ನ್ನು ಮೀರಿದರೆ ಹೆಚ್ಚು. ಭಯವಿರುವ ಕಡೆ ಅನುಸರಿಸತಕ್ಕ ಕ್ರಮಗಳು ಇವು.

ಮೊದಲನೆಯದಾಗಿ, ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಪ್ರತಿಯೊಂದು ಸಾಲಿನ ತುದಿಯ ಮುಚ್ಚಳವನ್ನು ಬಿಚ್ಚಿ, ತಿಳಿನೀರು ಬರುವ ತನಕ ಹರಿಯಬಿಡಬೇಕು. ಫಿಲ್ಟರನ್ನು ಆಗಾಗ ತೊಳೆಯಬೇಕು. ಆದರೆ ಫಿಲ್ಟರು ತಡೆಯುವುದು ಮರಳನ್ನೂ ಪಾಚಿಯನ್ನೂ ಮಾತ್ರ. ಕರಗಿದ ಸುಣ್ಣವು ಅದರ ಮೂಲಕ ಸರಾಗವಾಗಿ ಹಾದುಹೋಗುತ್ತದೆ.

ಎರಡನೆಯದಾಗಿ, ಗಡಸು ನೀರಿನೊಡನೆ ಡಿ.ಎ.ಪಿ. ಮುಂತಾದ ರಂಜಕದ ಗೊಬ್ಬರಗಳನ್ನು ಕೊಳವೆಯ ಮೂಲಕ ಬಿಡಬಾರದು. ನೀರಿನ ಸುಣ್ಣವೂ ಗೊಬ್ಬರದ ರಂಜಕವೂ ಕೂಡಿ ಗಸಿಯಾಗಿ, ಗೊಬ್ಬರವೂ ಹಾಳು, ಕೊಳವೆಯೂ ಹಾಳು. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕದ ಗೊಬ್ಬರದೊಡನೆಯಾಗಲಿ ಸಲ್ಫೇಟಿನೊಡನೆಯಾಗಲಿ ಒಂದೇ ತೊಟ್ಟಿಯಲ್ಲಿ ಬೆರಸಬಾರದು. ಗೊಬ್ಬರ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಬರಿಯ ನೀರನ್ನು ಹಾಯಿಸಬೇಕು.

ಮೂರನೆಯದಾಗಿ, ಕೆಂಪು ನೀರು ಬರುವ ಬಾವಿಯವರು ನೀರನ್ನು ನೇರವಾಗಿ ಕೊಳವೆಗೆ ಕೊಡದೆ, ಎತ್ತರದಿಂದ ತೊಟ್ಟಿಗೆ ಬೀಳಿಸಿ, ಗಾಳಿ ತಗಲಿ ಕಬ್ಬಿಣವು ತಳಕ್ಕೆ ಕೂತ ಮೇಲೆ ತಿಳಿಯನ್ನು ಬಳಸತಕ್ಕದ್ದು.

ನಾಲ್ಕನೆಯದು ಆಮ್ಲದ ಚಿಕಿತ್ಸೆ. ಇದಕ್ಕೆ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುತ್ತಾರೆ. ಎಷ್ಟು ಬೇಕೆಂಬುದು ನೀರಿನಿಂದ ನೀರಿಗೆ ಬೇರೆ. ನೆರೆಯವನ ಅಳತೆಯನ್ನು ನಂಬಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರು ತಮ್ಮ ಬಾವಿಯ ನೀರನ್ನು ತೆಗೆದುಕೊಂಡು, ಅದಕ್ಕೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಕದಡುತ್ತ, ಪಿ.ಎಚ್. ಕಾಗದವು 4ನ್ನು ತೋರಿಸುವವರೆಗೆ ಎಷ್ಟು ಹಿಡಿಯಿತೆಂದು ಅಳೆಯಬೇಕು. 10 ಲೀಟರಿಗೆ 5 ಮಿಲಿಲೀಟರು ಹಿಡಿದರೆ, 1,000 ಲೀಟರಿಗೆ ಅರ್ಧ ಲೀಟರು ಎಂದಾಯಿತು. ಈ ಪ್ರಮಾಣದಲ್ಲಿ ವೆಂಚುರಿಯ ಮೂಲಕ ಬಿಟ್ಟು, ಕಟ್ಟಕಡೆಯ ಡ್ರಿಪ್ಪರಿನ ಹನಿಯಲ್ಲಿಯೂ ಕಾಗದವು 4ನ್ನು ತೋರಿಸಿದ ಮೇಲೆ ಪಂಪನ್ನು ನಿಲ್ಲಿಸಿ, ರಾತ್ರಿಯೆಲ್ಲಾ ಹಾಗೆಯೇ ಬಿಡಬೇಕು. ಮರುದಿನ ತುದಿಯ ಮುಚ್ಚಳಗಳನ್ನು ಬಿಚ್ಚಿ ಚೆನ್ನಾಗಿ ತೊಳೆಯಬೇಕು. ಪೂರ್ತಿ ಮುಚ್ಚಿಹೋದ ಡ್ರಿಪ್ಪರಿಗೆ ಆಮ್ಲವೇ ತಲುಪುವುದಿಲ್ಲವಾದ್ದರಿಂದ, ಹನಿ ಕಡಿಮೆಯಾಗತೊಡಗಿದಾಗಲೇ ಈ ಚಿಕಿತ್ಸೆಯನ್ನು ಮಾಡತಕ್ಕದ್ದು.

ಇಲ್ಲಿ ಎಚ್ಚರದ ಮಾತುಗಳನ್ನು ಒತ್ತಿ ಹೇಳಬೇಕಾಗಿದೆ. ಆಮ್ಲವನ್ನು ನೀರಿಗೆ ಹಾಕಬೇಕು; ನೀರನ್ನು ಎಂದಿಗೂ ಆಮ್ಲಕ್ಕೆ ಸುರಿಯಬಾರದು, ಸುರಿದರೆ ಸಿಡಿದು ಮುಖ ಸುಡುತ್ತದೆ. ರಬ್ಬರಿನ ಕೈಗವಸನ್ನೂ ಕಣ್ಣಿಗೆ ಕನ್ನಡಕವನ್ನೂ ಹಾಕಿಕೊಂಡು, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು ಕೆಲಸ ಮಾಡಬೇಕು. ಪಾಚಿಗೆಂದು ಬಳಸುವ ಬ್ಲೀಚಿಂಗ್ ಪುಡಿಯನ್ನು ಆಮ್ಲದೊಡನೆ ಬೆರಸಿದರೆ ಪ್ರಾಣಾಪಾಯಕಾರಿಯಾದ ವಿಷವಾಯು ಏಳುತ್ತದೆ; ಒಂದೇ ದಿನ ಎರಡನ್ನೂ ಮುಟ್ಟಬಾರದು. ಆಮ್ಲದ ಡಬ್ಬವನ್ನು ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಬೇಕು. ಕೂಲಿಯಾಳಿಗೆ ಇದನ್ನು ಒಪ್ಪಿಸಿ ಯಜಮಾನನು ಮನೆಗೆ ಹೋಗುವುದು ಸರಿಯಲ್ಲ.

ಕೊಳವೆಗೆ ಅಯಸ್ಕಾಂತವನ್ನು ಕಟ್ಟಿದರೆ ಗಡಸು ನೀರು ಸಿಹಿಯಾಗುವುದೆಂದು ಮಾರುವವರು ಬರುತ್ತಾರೆ. ಅಯಸ್ಕಾಂತದಿಂದ ನೀರಿನ ಉಪ್ಪು ಒಂದು ಗ್ರಾಮಿನಷ್ಟೂ ಕಡಿಮೆಯಾಗುವುದಿಲ್ಲ. ಹಕ್ಕಳೆ ನಿಲ್ಲುವುದೆಂಬುದೂ ನಂಬಿಕೆಗೆ ಅರ್ಹವಾಗಿ ರುಜುವಾತಾಗಿಲ್ಲ. ಹಣ ಕೊಡುವ ಮೊದಲು, ಕಟ್ಟಿದ ಸಾಲನ್ನೂ ಕಟ್ಟದ ಸಾಲನ್ನೂ ಒಂದು ಬೆಳೆಯ ಕಾಲ ಪಕ್ಕಪಕ್ಕದಲ್ಲಿ ತೋರಿಸಿರೆಂದು ಅವರನ್ನು ಕೇಳಿರಿ.

5. ನೆಲದ ಹಕ್ಕಳೆ

ಕೊಳವೆ ಮುಚ್ಚಿದರೆ ಬೇರೆ ಕೊಳವೆಯನ್ನು ಕೊಳ್ಳಬಹುದು. ನೆಲ ಮುಚ್ಚಿದರೆ ಕೊಳ್ಳುವುದೆಲ್ಲಿಂದ? ಆದಕಾರಣ ಉಪನ್ಯಾಸದ ಮುಖ್ಯ ಭಾಗ ಇದೇ ಎಂದು ತಿಳಿಯತಕ್ಕದ್ದು.

ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಮಣ್ಣು ತನ್ನ ಸಣ್ಣ ರಂಧ್ರಗಳ ಮೂಲಕ ಕೆಳಗಿನ ನೀರನ್ನು ಮೇಲಕ್ಕೆಳೆಯುತ್ತದೆ. ಅಂತರ್ಜಲವು ನೆಲದಿಂದ ಐದಾರು ಅಡಿಯೊಳಗೆ ನಿಂತರೆ ಈ ಬತ್ತಿಯು ಬೇಸಿಗೆಯುದ್ದಕ್ಕೂ ಉರಿಯುತ್ತಲೇ ಇರುತ್ತದೆ: ನೀರು ಮೇಲೆ ಬಂದು ಆವಿಯಾಗುತ್ತದೆ, ಉಪ್ಪು ಮೇಲ್ಮಣ್ಣಿನಲ್ಲಿ ಕೂರುತ್ತದೆ. ಬದುಗಳ ನೆತ್ತಿಯಲ್ಲಿಯೂ, ಸಾಲುಗಳ ದಿಂಡಿನ ಮೇಲೆಯೂ ಬಿಳುಪು ಮೊದಲು ಕಾಣುವುದಕ್ಕೆ ಕಾರಣ, ಅಲ್ಲಿಂದಲೇ ನೀರು ಹೆಚ್ಚಾಗಿ ಆರುವುದು. ಬೀಜವನ್ನು ದಿಂಡಿನ ನೆತ್ತಿಗೆ ಬಿತ್ತದೆ ಪಕ್ಕದ ಇಳಿಜಾರಿನಲ್ಲಿ ಬಿತ್ತಿದರೆ ಮೊಳಕೆ ಉಳಿಯುವುದೂ ಇದರಿಂದಲೇ.

ಹನಿ ನೀರಾವರಿಯ ತೋಟದಲ್ಲಿ ಉಪ್ಪು ಒದ್ದೆಯ ವೃತ್ತದ ಅಂಚಿಗೆ ತಳ್ಳಲ್ಪಟ್ಟು ಬಿಳಿಯ ಬಳೆಯಾಗಿ ನಿಲ್ಲುತ್ತದೆ. ಬೇಸಿಗೆಯ ಕೊನೆಯಲ್ಲಿ ಸಣ್ಣ ಮಳೆ ಬಂದರೆ ಆ ಬಳೆಯ ಉಪ್ಪು ಕರಗಿ ಬೇರಿನ ಬುಡಕ್ಕೆ ನುಗ್ಗುತ್ತದೆ. ಮಳೆ ಬಂತೆಂದು ಅಂದು ಹನಿಯನ್ನು ನಿಲ್ಲಿಸುವುದು ವಾಡಿಕೆ. ಉಪ್ಪು ನೀರಿನ ತೋಟದವರು ಮಾತ್ರ ಮೊದಲ ಸಣ್ಣ ಮಳೆಗಳಲ್ಲಿ ಹನಿಯನ್ನು ಬಿಟ್ಟೇ ಇರತಕ್ಕದ್ದು.

ನಾಲೆ ಬಂದ ಸೀಮೆಗಳಲ್ಲಿ ನೆಲ ಕೆಟ್ಟುದಕ್ಕೆ ಹಳೆಯ ನಿದರ್ಶನಗಳುಂಟು. ಮುಂಬಯಿ ಪ್ರಾಂತ್ಯದ ನೀರಾ ಕಣಿವೆಯಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ನಾಲೆಯ ನೀರು ಬಂದ ಮೇಲೆ ತಗ್ಗಿನ ಕಪ್ಪು ನೆಲಗಳು ಚೌಳಾದುದನ್ನು ಪುಣೆಯ ಕೃಷಿ ಕಾಲೇಜಿನ ಹೆರಾಲ್ಡ್ ಮಾನ್ ಅವರು ಮುಂದಿನ ಶತಮಾನದ ಆರಂಭದಲ್ಲಿಯೇ ಪರಿಶೋಧಿಸಿದರು. ನಮ್ಮಲ್ಲಿ ತುಂಗಭದ್ರೆಯ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಕಡಲೆಕಾಯಿಗಳಂತಹ ಕಡಿಮೆ ನೀರಿನ ಬೆಳೆಗಳಿಗೆಂದು ಗೊತ್ತುಮಾಡಲಾಗಿತ್ತು. 1953ರಲ್ಲಿ ನೀರು ಬಂದ ಮೇಲೆ, ವರ್ಷ ಕಳೆದಂತೆ ನಾಲೆಯ ಮೇಲ್ಭಾಗದಲ್ಲಿ ಭತ್ತವೇ ಹರಡಿತು. ಮೇಲಿನವರ ಗದ್ದೆಯಲ್ಲಿ ನಿಂತ ನೀರು ತಗ್ಗಿನವರ ಗದ್ದೆಯಲ್ಲಿ ಜವುಗಾಯಿತು, ಜವುಗು ಚೌಳಾಯಿತು. ನಾಲೆಯ ಕೊನೆಯವರಿಗಾದರೋ ನೀರೇ ಸಾಲದಾಯಿತು. ಒಂದೇ ನಾಲೆಯಲ್ಲಿ ಅತಿವೃಷ್ಟಿಯೂ ಅನಾವೃಷ್ಟಿಯೂ ಕೂಡಿ ಬಂದಂತೆ ಇದು. ಇಂಥ ನೆಲಗಳನ್ನು ಸರಿಪಡಿಸುವ ಪ್ರಯೋಗಗಳು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆದಿವೆ. ಇಡೀ ದೇಶದ ಉಪ್ಪುನೆಲಗಳಿಗಾಗಿ 1969ರಲ್ಲಿ ಹರಿಯಾಣದ ಕರ್ನಾಲಿನಲ್ಲಿ ಕೇಂದ್ರ ಸಂಸ್ಥೆಯೊಂದು ಸ್ಥಾಪನೆಯಾಯಿತು.

6. ಚೌಳೂ ಕರಲೂ

ಕೆಟ್ಟ ನೆಲದಲ್ಲಿಯೂ ಎರಡು ಜಾತಿ. ಬೆಳ್ಳಗೆ ಹಕ್ಕಳೆ ಕಟ್ಟಿ, ಹೆಜ್ಜೆಯಿಟ್ಟರೆ ಉಬ್ಬಿದ ಹಿಟ್ಟಿನಂತೆ ಪುಡಿಯಾಗುವುದು ಚೌಳು. ಇದರಲ್ಲಿ ಕರಗುವ ಉಪ್ಪು ಹೆಚ್ಚು. ಮೇಲ್ಮೈ ಕಪ್ಪಗೆ ಎಣ್ಣೆ ಬಿದ್ದಂತೆ ಕಾಣುತ್ತ, ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಹೆಂಚಿನಂತೆ ಗಟ್ಟಿಯಾಗಿ, ನೀರನ್ನು ಒಳಕ್ಕೆ ಬಿಡದೆ ದಿನಗಟ್ಟಲೆ ನಿಲ್ಲಿಸಿಕೊಳ್ಳುವುದು ಕರಲು. ಇದರಲ್ಲಿ ಸೋಡಿಯಂ ಮಣ್ಣಿನ ಕಣಗಳಿಗೇ ಅಂಟಿಕೊಂಡಿರುತ್ತದೆ. ಹೆಸರುಗಳು ಸೀಮೆಯಿಂದ ಸೀಮೆಗೆ ಬದಲಾಗಬಹುದು, ಗುಣ ಬದಲಾಗದು. ಮಣ್ಣಿನ ಸಾರದ ಇ.ಸಿ. 4ನ್ನು ಮೀರಿದರೆ ಚೌಳೆಂದೂ, ಪಿ.ಎಚ್. 8.5ನ್ನು ಮೀರಿ ಸೋಡಿಯಂ ಪಾಲು ನೂರಕ್ಕೆ 15ಕ್ಕಿಂತ ಹೆಚ್ಚಾದರೆ ಕರಲೆಂದೂ ಪ್ರಯೋಗಾಲಯದವರು ತೀರ್ಮಾನಿಸುತ್ತಾರೆ. ಎರಡೂ ಕೂಡಿರುವ ನೆಲಗಳೂ ಉಂಟು.

ಚೌಳಿಗೆ ತೊಳೆಯುವುದೇ ಚಿಕಿತ್ಸೆ. ಹಿಂದಿನ ಕಾಲದಲ್ಲಿ ಉಪ್ಪಾರರು ಚೌಳು ಮಣ್ಣನ್ನು ಗುಡ್ಡೆ ಹಾಕಿ, ನೀರು ಸುರಿದು, ಕೆಳಗೆ ಬಸಿದ ನೀರನ್ನು ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಅವರ ಕೆಲಸದಲ್ಲಿ ಎರಡು ಅಂಗಗಳಿದ್ದುವು: ಮೇಲಿನಿಂದ ನೀರು, ಕೆಳಗಿನಿಂದ ಬಸಿತ. ಗದ್ದೆಗೂ ಈ ಎರಡೇ ಬೇಕು. ನೆಲವನ್ನು ಸಮಮಾಡಿ, ಬದು ಕಟ್ಟಿ, ಒಳ್ಳೆಯ ನೀರನ್ನು ನಿಲ್ಲಿಸಬೇಕು. ಒಂದು ಅಡಿ ಆಳದ ಮಣ್ಣಿನಲ್ಲಿರುವ ಉಪ್ಪಿನ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲನ್ನು ಇಳಿಸಲು ಸುಮಾರು ಒಂದು ಅಡಿ ನೀರು ಅದರ ಮೂಲಕ ಹಾಯಬೇಕಾಗುತ್ತದೆ. ಆದರೆ ಇಳಿದ ನೀರು ಹೊರಹೋಗಲು ಬಸಿಗಾಲುವೆಯಿಲ್ಲದಿದ್ದರೆ ಅಂತರ್ಜಲವನ್ನೇ ಏರಿಸಿದಂತಾಗಿ, ಮುಂದಿನ ಬೇಸಿಗೆಯಲ್ಲಿ ಚೌಳು ಮೊದಲಿಗಿಂತ ಹೆಚ್ಚಾಗಿ ಮೇಲೇಳುತ್ತದೆ. ಬಸಿಗಾಲುವೆ ಇಲ್ಲದೆ ತೊಳೆಯುವುದು, ಮೋರಿಯಿಲ್ಲದ ಬಚ್ಚಲಿನಲ್ಲಿ ಸ್ನಾನ ಮಾಡಿದಂತೆ.

ಕರಲಿಗೆ ಬರಿಯ ನೀರು ಸಾಲದು. ನೀರು ಒಳಕ್ಕೇ ಇಳಿಯುವುದಿಲ್ಲವಷ್ಟೆ. ಜಿಪ್ಸಮ್ಮನ್ನು ಮೇಲ್ಮಣ್ಣಿನಲ್ಲಿ ಬೆರಸಿ ನೀರು ಕಟ್ಟಿದರೆ, ಅದರ ಕ್ಯಾಲ್ಸಿಯಂ ಮಣ್ಣಿಗೆ ಹತ್ತಿಕೊಂಡು ಸೋಡಿಯಮ್ಮನ್ನು ಬಿಡಿಸುತ್ತದೆ. ಬಿಟ್ಟ ಸೋಡಿಯಂ ನೀರಿನೊಡನೆ ಬಸಿದುಹೋಗಬೇಕು. ಎಕರೆಗೆ ಎಷ್ಟು ಜಿಪ್ಸಂ ಎಂಬುದನ್ನು ಮಣ್ಣಿನ ಪರೀಕ್ಷೆಯಿಂದ ಮಾತ್ರ ಹೇಳಬಹುದು. ಬರಿಯ ಚೌಳಿಗೆ ಜಿಪ್ಸಂ ಹಾಕಿದರೆ ಹಣ ದಂಡ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕುವುದನ್ನು ಕಂಡು ಕರಲಿಗೂ ಸುಣ್ಣ ಹಾಕುವವರುಂಟು, ಅದರಿಂದ ಪ್ರಯೋಜನವಿಲ್ಲ. ಡಯಂಚದಂತಹ ಹಸಿರೆಲೆ ಗೊಬ್ಬರವನ್ನು ಬೆಳೆದು ಉತ್ತರೆ, ಅದು ಕೊಳೆಯುವಾಗ ಏಳುವ ಇಂಗಾಲಾಮ್ಲ ವಾಯುವು ಮಣ್ಣಿನಲ್ಲಿರುವ ಸುಣ್ಣಕಲ್ಲನ್ನೇ ಸ್ವಲ್ಪಸ್ವಲ್ಪವಾಗಿ ಕರಗಿಸಿ ಜಿಪ್ಸಮ್ಮಿಗೆ ನೆರವಾಗುತ್ತದೆ. ಹಂಡೆಯನ್ನು ಕೆಡಿಸುವ ಸುಣ್ಣವೇ ಇಲ್ಲಿ ನೆಲಕ್ಕೆ ಉಪಕಾರಿ.

ನೆಲ ಸರಿಯಾಗುವ ತನಕ ಬೆಳೆಯನ್ನು ನೋಡಿ ಆರಿಸಿಕೊಳ್ಳಬೇಕು. ಹತ್ತಿ, ತೆಂಗು ಉಪ್ಪನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಹುರುಳಿಕಾಯಿ, ಹೆಸರು, ಉದ್ದು ತಡೆಯಲಾರವು.

7. ಮೆದು ನೀರಿನ ಮೋಸ

ಸಾಬೂನು ಚೆನ್ನಾಗಿ ನೊರೆ ಕೊಡುವ, ಹಂಡೆಗೆ ಪೊರೆ ಕಟ್ಟದ ನೀರು ಬೆಳೆಗೂ ಒಳ್ಳೆಯದೆಂಬ ನಂಬಿಕೆ ಹಲವರಲ್ಲಿದೆ. ಇದು ಯಾವಾಗಲೂ ನಿಜವಲ್ಲ. ಕೆಲವು ಬಾವಿಗಳ ನೀರಿನಲ್ಲಿ ಸುಣ್ಣ ಕಡಿಮೆಯಿದ್ದು ಸೋಡಿಯಂ ಕಾರ್ಬೊನೇಟಿನ ಗುಣ ಹೆಚ್ಚಾಗಿರುತ್ತದೆ. ಅಂಥ ನೀರು ಕೈಗೆ ಮೆದು, ನೆಲಕ್ಕೆ ಶತ್ರು; ಒಳ್ಳೆಯ ಮಣ್ಣನ್ನು ಕೆಲವು ವರ್ಷಗಳಲ್ಲಿ ಕರಲಾಗಿಸುತ್ತದೆ. ಪರೀಕ್ಷೆಯ ವರದಿಯಲ್ಲಿ ಆರ್.ಎಸ್.ಸಿ. ಎಂಬ ಅಂಕಿಯನ್ನು ನೋಡಿರಿ. ಅದು 1.25ಕ್ಕಿಂತ ಕಡಿಮೆಯಿದ್ದರೆ ನಿರ್ಭಯ, 1.25ರಿಂದ 2.5ರವರೆಗೆ ಎಚ್ಚರ ಬೇಕು, 2.5ನ್ನು ಮೀರಿದರೆ ಜಿಪ್ಸಮ್ಮಿನ ಉಪಚಾರವಿಲ್ಲದೆ ಹೊಲಕ್ಕೆ ಬಿಡಬಾರದು. ಮನೆಯಲ್ಲಿ ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಯಂತ್ರವು ಸುಣ್ಣವನ್ನು ತೆಗೆದು ಅದರ ಬದಲಿಗೆ ಸೋಡಿಯಮ್ಮನ್ನು ಕೊಡುತ್ತದೆ. ಆ ನೀರನ್ನೂ, ಅದನ್ನು ತೊಳೆದ ನೀರನ್ನೂ ಗಿಡಗಳಿಗೆ ಹಾಕಬಾರದು.

8. ಊರು ಕೂಡಿ ಮಾಡತಕ್ಕ ಕೆಲಸ

ಹಂಡೆಯನ್ನು ಒಬ್ಬನೇ ತೊಳೆಯಬಹುದು. ತನ್ನ ತೋಟದ ಕೊಳವೆಯನ್ನು ಒಬ್ಬನೇ ಸರಿಮಾಡಿಕೊಳ್ಳಬಹುದು. ಬಸಿಗಾಲುವೆಯನ್ನು ಮಾತ್ರ ಒಬ್ಬನೇ ಮಾಡಲಾರ. ತಗ್ಗಿನವನ ಗದ್ದೆಯಿಂದ ಹೊರಟ ನೀರು ಹಳ್ಳವನ್ನು ಸೇರಬೇಕಾದರೆ ಇನ್ನು ನಾಲ್ವರ ನೆಲವನ್ನು ದಾಟಬೇಕು. ಅವರಲ್ಲಿ ಒಬ್ಬನು ಒಲ್ಲೆನೆಂದರೆ ನಾಲ್ಕು ಎಕರೆ ಚೌಳು ಇನ್ನೂ ಚೌಳಾಗಿಯೇ ಉಳಿಯುತ್ತದೆ. ಕಾಲುವೆಗೆ ಬಿಟ್ಟುಕೊಡುವುದು ಒಂದು ಮಾರು ಅಗಲದ ನೆಲ. ಬಿಡದೆ ಹಟ ಹಿಡಿದವನು ಕಳೆದುಕೊಳ್ಳಬಹುದಾದದ್ದು ಇಡೀ ಗದ್ದೆ. ಏಕೆಂದರೆ ಚೌಳು ತಗ್ಗಿನಲ್ಲಿ ತಲೆಯೆತ್ತುವುದಾದರೂ ಅಲ್ಲಿಯೇ ನಿಲ್ಲುವುದಿಲ್ಲ. ಅಂತರ್ಜಲ ಏರಿದಂತೆ ಅದೂ ಇಳಿಜಾರನ್ನು ಹತ್ತುತ್ತ ಬರುತ್ತದೆ. ಇಂದು ನೆರೆಯವನ ಗದ್ದೆಯ ಬಿಳುಪನ್ನು ಬದುವಿನ ಮೇಲೆ ನಿಂತು ನೋಡುವವನು, ನಾಳೆ ಅದನ್ನು ತನ್ನ ಅಂಗಾಲಿನ ಕೆಳಗೆ ಕಾಣುವನು.

ಇಲ್ಲಿ ಮುಖಂಡರಾದ ತಮ್ಮ ಹೊಣೆ ದೊಡ್ಡದು. ಗ್ರಾಮದ ನಕಾಶೆಯನ್ನು ತೆಗೆದುಕೊಂಡು ಹಳ್ಳ ಕೊಳ್ಳಗಳ ಹಳೆಯ ದಾರಿ ಎಲ್ಲಿತ್ತೆಂದು ನೋಡಿರಿ. ಒತ್ತುವರಿಯಾದ ಹಳ್ಳ, ಜೊಂಡು ಬೆಳೆದು ಮುಚ್ಚಿದ ಕಾಲುವೆ, ಮುರಿದ ಮೋರಿ ಇವುಗಳ ಪಟ್ಟಿ ಮಾಡಿರಿ. ನೀರು ಬಳಕೆದಾರರ ಸಂಘವಿರುವ ಕಡೆ ಅದರಲ್ಲಿಯೂ, ಇಲ್ಲದ ಕಡೆ ಗ್ರಾಮಸಭೆಯಲ್ಲಿಯೂ ವಿಷಯವನ್ನಿಟ್ಟು, ಬಸಿಗಾಲುವೆಯ ದಾರಿಯನ್ನೂ ವರ್ಷಕ್ಕೊಮ್ಮೆ ಹೂಳೆತ್ತುವ ಸರದಿಯನ್ನೂ ಬರವಣಿಗೆಯಲ್ಲಿ ಗೊತ್ತುಮಾಡಿರಿ. ಕೆರೆಯ ತೂಬನ್ನು ನೋಡಿಕೊಳ್ಳಲು ನೀರುಗಂಟಿಯನ್ನು ಇಟ್ಟ ನಮ್ಮ ಹಿರಿಯರು ನೀರನ್ನು ಒಳಕ್ಕೆ ಬಿಡುವುದಕ್ಕೆ ವ್ಯವಸ್ಥೆ ಮಾಡಿದ್ದರು. ನೀರನ್ನು ಹೊರಕ್ಕೆ ಕಳುಹಿಸುವ ವ್ಯವಸ್ಥೆಯನ್ನು ನಾವು ಮಾಡಬೇಕಾಗಿದೆ.

ಸಾರಾಂಶ

ಒಂದು, ಹೊಸ ಬಾವಿ ತೆಗೆದೊಡನೆ, ಹನಿ ನೀರಾವರಿಗೆ ಹಣ ಹೂಡುವ ಮೊದಲೇ, ನೀರನ್ನು ಪರೀಕ್ಷೆ ಮಾಡಿಸತಕ್ಕದ್ದು. ಪಂಪನ್ನು ಅರ್ಧ ಗಂಟೆ ಓಡಿಸಿದ ಮೇಲೆ, ಅದೇ ನೀರಿನಿಂದ ತೊಳೆದ ಶುದ್ಧ ಬಾಟಲಿಯಲ್ಲಿ ಒಂದು ಲೀಟರು ಹಿಡಿದು, ಅಂಚಿನ ತನಕ ತುಂಬಿ ಮುಚ್ಚಿ, ತಡಮಾಡದೆ ಕಳುಹಿಸಬೇಕು.

ಎರಡು, ಬಿಳುಪು ಕಂಡ ಗದ್ದೆಯಲ್ಲಿ ಮೇಲಿನ ಹಕ್ಕಳೆಯನ್ನು ಬೇರೆಯಾಗಿಯೂ, ಮೂರು ಅಡಿಯವರೆಗೆ ಒಂದೊಂದು ಅಡಿಯ ಮಣ್ಣನ್ನು ಬೇರೆ ಬೇರೆಯಾಗಿಯೂ ತೆಗೆದು ಪರೀಕ್ಷೆಗೆ ಕೊಡಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ, ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಇದರ ಬಗ್ಗೆ ವಿಚಾರಿಸಬಹುದು.

ಮೂರು, ಸುಣ್ಣಕ್ಕೆ ಹುಳಿ, ಚೌಳಿಗೆ ನೀರೂ ಬಸಿತವೂ, ಕರಲಿಗೆ ಜಿಪ್ಸಮ್ಮೂ ಬಸಿತವೂ. ಇವುಗಳನ್ನು ಅದಲುಬದಲು ಮಾಡಬಾರದು.

ನಾಲ್ಕು, ಬೇಕಾದುದಕ್ಕಿಂತ ಹೆಚ್ಚು ನೀರು ಕೊಟ್ಟವನು ಹೆಚ್ಚು ಉಪ್ಪನ್ನೂ ಕೊಟ್ಟನೆಂದು ತಿಳಿಯಬೇಕು.

ಐದು, ಬಸಿಗಾಲುವೆಗೆ ನೆರೆಹೊರೆಯವರು ಒಬ್ಬರಿಗೊಬ್ಬರು ದಾರಿ ಬಿಡಬೇಕು.

ಈ ಬೇಸಿಗೆ ಮುಗಿಯುವುದರೊಳಗೆ ತಮ್ಮ ತಮ್ಮ ಊರಿನ ಬಿಳುಪು ಕಂಡ ಸರ್ವೆ ನಂಬರುಗಳನ್ನು ಗುರುತು ಹಾಕಿ, ಮಳೆಗಾಲಕ್ಕೆ ಮೊದಲು ಒಂದಾದರೂ ಬಸಿಗಾಲುವೆಯನ್ನು ತೆರೆದಿರಾದರೆ, ಮುಂಬರುವ ಮಳೆಯೇ ಅರ್ಧ ಕೆಲಸವನ್ನು ಕೂಲಿಯಿಲ್ಲದೆ ಮಾಡಿಕೊಡುತ್ತದೆ.